ಉಡಿಗೆ ಬಿದ್ದ ಗುಳಿಗೆ

ನಾನು ಎಂಬತ್ತು ಸೆಂಟಿಮೀಟರಿನ ಹಸಿರು ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ. ಮಗ್ಗದಿಂದ ಇಳಿದ ದಿನ ಯಾರದೋ ಮೈಮೇಲೆ ಮೆರೆಯುತ್ತೇನೆ ಅಂದುಕೊಂಡಿದ್ದೆ. ಎಲ್ಲಿಯ ಮೆರೆಯುವುದು! ಉಡಿ ತುಂಬುವವರು ನನ್ನನ್ನು ಕೊಟ್ಟರು, ಪಡೆದವರು ಟ್ರಂಕಿನಲ್ಲಿಟ್ಟು ಇನ್ನೊಬ್ಬರಿಗೆ ದಾಟಿಸಿದರು. ಐದು ಮನೆ ಸುತ್ತಿದರೂ ಕತ್ತರಿಯ ಮುಖ ನೋಡಲಿಲ್ಲ.

ಆರನೆಯದು ಗದಗಿನ ಶಿವಗಂಗವ್ವನ ಮನೆ. ಅವಳ ಸೊಸೆ ನೀಲಾಂಬಿಕಾ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ತೂಕ ತೊಂಬತ್ತೆರಡು ಕಿಲೋ. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಆ ಹೆಣ್ಣಿಗೆ ಓಣಿಯವರು ಮೈಗಳ್ಳಿ ಎನ್ನುತ್ತಿದ್ದರು. ಅಂದವರ ಬಾಯಿಗೆ ಹುಳ ಬೀಳಲಿ! ಮದುವೆಯಾಗಿ ಆರು ವರ್ಷ, ಮುಟ್ಟು ಬರುತ್ತಿದ್ದುದು ಮೂರು ನಾಲ್ಕು ತಿಂಗಳಿಗೊಮ್ಮೆ, ಮಗುವಿಲ್ಲ. ತತ್ತಿ, ಅಂದರೆ ಅಂಡ, ಬಲಿತು ಹೊರಬೀಳುತ್ತಿಲ್ಲ, ಅದಕ್ಕೆ ಔಷಧವಿದೆ ಎಂದು ಲೇಡಿ ಡಾಕ್ಟರ್ ಗುಳಿಗೆ ಬರೆದುಕೊಟ್ಟರು. ಮುಟ್ಟಿನ ಮೂರನೇ ದಿನದಿಂದ ದಿನಕ್ಕೊಂದು, ಒಟ್ಟು ಐದು ದಿನ. ಒಂದು ತಪ್ಪಿದರೂ ಆ ಸಲದ್ದು ದಂಡ.

"ಮೊದ್ಲ ಮೈ ಇಳಸು, ಆಮ್ಯಾಲ ಗುಳಿಗಿ," ಎಂದಳು ಶಿವಗಂಗವ್ವ.

"ನಡಿಗಿನೂ ಮಾಡ್ತೀನ್ರಿ, ಗುಳಿಗಿನೂ ತಗೋತೀನ್ರಿ. ಡಾಕ್ಟರ್ ಹಂಗ ಹೇಳ್ಯಾರ."

ಅತ್ತೆ ಮೊದಲ ಸಲದ ಗುಳಿಗೆಗಳನ್ನು ತಿಪ್ಪೆಗೆಸೆದಳು. ನೀಲಾ ಬೇರೆ ತಂದು ನನ್ನ ಮಡಿಕೆಯಲ್ಲಿ ಬಚ್ಚಿಟ್ಟಳು. ಹೊಲಿಸದ ಜಂಪರ್ ಪೀಸನ್ನು ಯಾರು ಬಿಚ್ಚಿ ನೋಡುತ್ತಾರೆ?

ಗುಳಿಗೆ ಶುರುವಾದ ಐದನೆಯ ದಿನ ಶಿವಗಂಗವ್ವನ ಮಗಳ ಅತ್ತೆ, ಬೀಗತಿ ಸಂಗವ್ವ ಬಂದಳು. ನೀಲಾ ಒಲೆಯ ಮುಂದಿದ್ದಳು. ಅತ್ತೆ ಟ್ರಂಕಿಗೆ ಕೈಹಾಕಿ ನನ್ನನ್ನೇ ಎಳೆದು, ಮೇಲೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟು ಬೀಗತಿಯ ಸೆರಗಿಗೆ ಸುರಿದಳು. ಅಕ್ಕಿಯ ಜೊತೆ ಗುಳಿಗೆಯ ಪಟ್ಟಿಯೂ ಬಿತ್ತು. ನನಗೆ ಜೀವ ಬಾಯಿಗೆ ಬಂತು.

"ಯವ್ವಾ, ಇವು ಯಾರ ಗುಳಿಗಿ?" ಸಂಗವ್ವ ಬೆಚ್ಚಿದಳು.

ಅತ್ತೆ ಪಟ್ಟಿಯನ್ನು ಕಿತ್ತುಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ನೀಲಾ ಬಂದು ಎತ್ತಿಕೊಂಡಳು.

"ನನ್ನವು. ತತ್ತಿ ಬಲಿಯಾಕ ತಗೊಳ್ಳಾಕತ್ತೇನಿ. ಅತ್ತೀ, ನಿಮ್ಮ ಬೀಪಿ ಗುಳಿಗಿಗೆ ಯಾರರೆ ಮೊದ್ಲ ಮೈ ಇಳಸು ಅಂದಾರೇನ್ರಿ?"

ಹೀಗಂದು ಇಬ್ಬರೆದುರೇ ಕಡೆಯ ಗುಳಿಗೆ ಬಾಯಿಗೆ ಹಾಕಿ, ಬೀಗತಿಗೆಂದು ತಂದಿಟ್ಟ ನೀರನ್ನೇ ಗಟಗಟ ಕುಡಿದಳು. ಭಲೇ ನನ್ನವ್ವ!

ಔಷಧ ಮುಟ್ಟಿದ ಅರಿವೆ ಅಪಶಕುನ ಎಂದು ಸಂಗವ್ವ ನನ್ನನ್ನು ಬಿಟ್ಟುಹೋದಳು. ಹೋಗಲಿ ಬಿಡಿ! ಮನೆಯಿಂದ ಮನೆಗೆ ಅಲೆಯುವ ನನ್ನ ಹಣೆಬರಹ ಅಲ್ಲಿಗೆ ಮುಗಿಯಿತು. ಅಂದಿನಿಂದ ನಾನು ರೊಟ್ಟಿ ಬುಟ್ಟಿಯ ಹೊದಿಕೆ. ಬಣ್ಣ ಮಾಸಿದೆ, ಅಂಚು ಕಿತ್ತಿದೆ, ಮೈಯೆಲ್ಲ ಜೋಳದ ಹಿಟ್ಟು. ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಆ ಸಲ ಸ್ಕ್ಯಾನಿಂಗಿನಲ್ಲಿ ತತ್ತಿ ಬಲಿತದ್ದು ಕಂಡಿತು, ಬಸಿರು ನಿಲ್ಲಲಿಲ್ಲ. ನೀಲಾ ಒಂದು ದಿನ ಅತ್ತಳು, ಮರುದಿನ ಮತ್ತೆ ಡಾಕ್ಟರ ಬಳಿ ನಡೆದಳು. ಮೂರನೆಯ ಸಲಕ್ಕೆ ಬಸಿರಾದಳು. ತೂಕ ಇಳಿದಿದ್ದುದು ಬರೀ ನಾಲ್ಕು ಕಿಲೋ.

ಶಿವಗಂಗವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. "ದೇವರು ಕಣ್ಣು ತೆರದ ನೋಡವ್ವಾ," ಎಂದು ಸೊಸೆಯ ಗಲ್ಲ ಹಿಡಿದಳು.

ನೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತೆರದಾನ್ರಿ ಅತ್ತೀ, ಖರೇ. ಗುಳಿಗಿ ನುಂಗಿದಾಕಿ ನಾನು."