ನಲ್ಲಿಯ ಅರ್ಜಿ

"ಪೊರಕೆ ಹೊರಗಿಡೇ! ಒಳಗೆ ತಂದು ನನ್ನ ಟೇಬಲ್ಲಿಗೂ ಹೇಲು ಬಳೀತೀಯಾ?" ಎನ್ನುತ್ತ ಇಂಜಿನಿಯರು ಕುರ್ಚಿಯಿಂದ ಅರ್ಧ ಎದ್ದ.

ಪೊರಕೆಯನ್ನು ಬಾಗಿಲಾಚೆ ಗೋಡೆಗೆ ಒರಗಿಸಿದೆ. ಒಂದನೇ ಪ್ಲಾಟ್‌ಫಾರಂನ ಕಕ್ಕಸು ತೊಳೆದು ನೇರ ಅವನ ಆಫೀಸಿಗೇ ಬಂದಿದ್ದೆ. ಜೊತೆಯಲ್ಲಿ ಹಳಿ ಗುಡಿಸುವ ಕುಂಟಕ್ಕ, ಬೋಗಿ ತೊಳೆಯುವ ಮುದುಕ. ಸ್ಟೇಷನ್ನಿನ ಕಾಂಪೌಂಡಿಗೆ ಬೆನ್ನು ಕೊಟ್ಟ ಹದಿನಾರು ತಗಡಿನ ಮನೆ ನಮ್ಮವು. ನಾವು ಕೆಲಸಕ್ಕೆ ಹೊರಡುವ ಹೊತ್ತಿಗೆ ಯಾರೋ ಬಂದು ಹದಿನಾರು ಬಾಗಿಲಿಗೂ ಕೆಂಪು ಬಣ್ಣದ ಗೀಟು ಎಳೆದಿದ್ದರು.

"ಬಾಗಿಲಿಗೆ ಗೀಟು ಯಾಕೆ ಹಾಕಿದ್ರು ಅಂತ ಕೇಳೋಕೆ ಬಂದ್ವಿ ಸ್ವಾಮಿ."

"ಕಾರ್ ಪಾರ್ಕಿಂಗ್ ದೊಡ್ಡದು ಮಾಡ್ತಿದೀವಿ. ಬೆಳಗ್ಗೆ ಎಂಟಕ್ಕೆ ನೋಡಿಲ್ವಾ, ಜನ ರೋಡಲ್ಲಿ ಕಾರು ಬಿಟ್ಟು ಟ್ರೇನಿಗೆ ಓಡೋದು? ಹದಿನೈದು ದಿನ ಇದೆ, ಖಾಲಿ ಮಾಡಿ."

"ನಮ್ಮನ್ನ ಒಂದು ಮಾತೂ ಕೇಳ್ದೆ?"

ಅವನು ನಕ್ಕು ಕಡತದಿಂದ ಒಂದು ಹಾಳೆ ತೆಗೆದು ನಮ್ಮ ಕಡೆ ತಿರುಗಿಸಿದ. ಹದಿನಾರು ಹೆಬ್ಬೆಟ್ಟು. ಮೂರನೆಯದು ನನ್ನದು. ಆಸಿಡ್ ಬಿದ್ದು ಸುಟ್ಟ ಅಡ್ಡಗೆರೆ ಅದರ ಮೇಲೆ ಹಾಗೇ ಮೂಡಿತ್ತು.

"ಇದು ನಲ್ಲಿಗೆ ಹಾಕಿದ ಅರ್ಜಿ ಅಲ್ವಾ?" ಎಂದ ಮುದುಕ.

"ನಲ್ಲಿಯಂತೆ! 'ನಾವು ಸ್ವಂತ ಇಚ್ಛೆಯಿಂದ ಜಾಗ ಬಿಟ್ಟುಕೊಡುತ್ತೇವೆ, ಬದಲಿ ಜಾಗ ಕೇಳುವುದಿಲ್ಲ.' ಇರೋದು ಇಷ್ಟೇ. ಎಲ್ಲರಿಗೂ ಓದಿ ಹೇಳಿದೀನಿ ಅಂತ ನಿಮ್ಮವನೇ ಕೆಳಗೆ ಸಹಿ ಹಾಕಿದಾನೆ. ನಡೀರಿ, ನಾರ್ತಿದೀರ."

ಸಹಿ ಹಾಕಿದವನು ನನ್ನ ಮೈದುನ.

ನಾನು ಮದುವೆಯಾಗಿ ಬಂದಾಗ ಅವನಿಗೆ ಆರು ವರ್ಷ, ತಾಯಿಯಿಲ್ಲದ ಕೂಸು. ಮೈಗೆ ಫಿನಾಯಿಲ್ ವಾಸನೆ ಹತ್ತಿದೆಯೆಂದು ಶಾಲೆಯಲ್ಲಿ ಹಿಂದೆ ಕೂರಿಸಿದಾಗ ಹೋಗಿ ಜಗಳ ತೆಗೆದವಳು ನಾನು. ಹದಿನಾರು ಮನೆಗಳಲ್ಲಿ ಅಕ್ಷರ ಬರುವುದು ಅವನೊಬ್ಬನಿಗೇ. ಆಸ್ಪತ್ರೆಯ ಚೀಟಿ, ಕೋರ್ಟಿನ ಕಾಗದ ಏನೇ ಬಂದರೂ ಅವನ ಕೈಗೇ ಕೊಡುತ್ತಿದ್ದೆವು. ಅವನು ಹೇಳಿದ್ದೇ ಅದರಲ್ಲಿರುವುದು.

ಹೆಬ್ಬೆಟ್ಟು ಒತ್ತಿಸಿಕೊಂಡ ಭಾನುವಾರ ಅವನು ಓದಿದ್ದು ಇನ್ನೂ ನನ್ನ ಕಿವಿಯಲ್ಲಿತ್ತು. "ಮಾನ್ಯರೇ, ನಮ್ಮ ಹೆಂಗಸರು ದಿನವೂ ಹಳಿ ದಾಟಿ ನೀರು ಹೊರುತ್ತಾರೆ. ಹಾಗೆ ದಾಟುವಾಗ ಒಬ್ಬಳ ಕಾಲು ಹೋಗಿದೆ..." ಕುಂಟಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಅದರಲ್ಲಿ ಒಂದಕ್ಷರವೂ ಆ ಹಾಳೆಯಲ್ಲಿರಲಿಲ್ಲ. ನಮ್ಮ ಮುಖ ನೋಡುತ್ತಲೇ, ನಿಂತ ನಿಲುವಿನಲ್ಲಿ, ಹೊಸೆದು ಹೇಳಿದ್ದ.

ಮನೆಗೆ ಬಂದಾಗ ಅವನು ಕನ್ನಡಿಯ ಮುಂದೆ ಹೊಸ ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ನನ್ನ ಗಂಡ ಗೋಡೆಗೊರಗಿ ಕೂತಿದ್ದ.

"ಕುಂಟಕ್ಕನ ಕಾಲಿನ ಮಾತು ಎಲ್ಲಿತ್ತೋ ಆ ಹಾಳೇಲಿ?"

ಅವನ ಕೈ ಗುಂಡಿಯ ಮೇಲೇ ನಿಂತಿತು.

"ಹೆಂಗಿದ್ರೂ ಒಡೀತಿದ್ರು ಅತ್ತಿಗೆ. ಸಹಿ ಮಾಡಿಸ್ಕೊಟ್ರೆ ಪಾರ್ಕಿಂಗ್ ಸೂಪರ್‌ವೈಸರ್ ಮಾಡ್ತೀವಿ ಅಂದ್ರು. ಓದಿ ಓದಿ ನಾನೂ ಕಕ್ಕಸೇ ತೊಳೀಬೇಕಾ? ಮನೇಲಿ ಒಬ್ಬನಾದ್ರೂ ಮೇಲೆ ಬರ್ಲಿ ಅಂತ ನೀನೇ ಅಂತಿದ್ದೆ."

"ನಮ್ಮ ತಲೆ ತುಳ್ಕೊಂಡು ಬಾ ಅಂದಿದ್ನೇನೋ, ಹಲ್ಕಟ್ ಬೋಳಿಮಗನೆ?" ಎಂದೆ.

ನನ್ನ ಗಂಡ ಎದ್ದು ಕೈಯೆತ್ತಿದ. ಆ ಕೈ ತಮ್ಮನ ಕೆನ್ನೆಯವರೆಗೆ ಹೋಗಲಿಲ್ಲ. ತಿರುಗಿ ಬಂದು ತನ್ನ ಹಣೆಗೇ ಬಡಿಯಿತು, ಒಂದಲ್ಲ, ಮೂರು ಸಲ. ಮೈದುನ ಬಾಗಿಲಲ್ಲಿ ಮೈ ಓರೆ ಮಾಡಿ ಹೊರಗೆ ಹೋದ. ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು. ಅಂಗಿಗೆ ತಾಗೀತೆಂಬ ಭಯ.

ಹದಿನೈದನೆಯ ದಿನ ಯಂತ್ರ ಬಂತು. ಹದಿನಾರು ಮನೆ ಮಲಗಿಸಲು ಅದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ನಾವು ಸೇತುವೆಯ ಕೆಳಗೆ ಹೋದೆವು. ಕೆಲಸ ಬಿಡುವ ಹಾಗಿರಲಿಲ್ಲ. ದಿನಾ ಅದೇ ಸ್ಟೇಷನ್ನಿಗೆ ಬಂದೆವು. ನನ್ನ ಒಲೆಯಿದ್ದ ಜಾಗಕ್ಕೆ ಡಾಂಬರು ಸುರಿದರು, ಮೇಲೆ ಬಿಳಿ ಗೆರೆ ಹಾಕಿದರು.

ಪಾರ್ಕಿಂಗ್ ತೆರೆಯುವ ಬೆಳಗ್ಗೆ ನನ್ನನ್ನು ಅಲ್ಲಿ ಕಸ ಗುಡಿಸಲು ಕಳಿಸಿದರು. ಗೇಟಿನ ಹೊರಗೆ ಆಗಲೇ ಕಾರುಗಳ ಸಾಲು. ಮೈದುನ ಕೊರಳಲ್ಲಿ ಸೀಟಿ ಹಾಕಿಕೊಂಡು ಇಂಜಿನಿಯರನ ಪಕ್ಕದಲ್ಲಿ ನಿಂತಿದ್ದ.

"ಏಯ್, ಬೇಗ ಗುಡ್ಸೇ! ಗೇಟು ತೆಗೀಬೇಕು," ಎಂದ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ನಾನು ಏಯ್ ಆಗಿದ್ದೆ. ಗುಡಿಸುವುದನ್ನು ಅಲ್ಲಿಗೇ ಬಿಟ್ಟೆ. ನಡೆದು ಹೋಗಿ, ಆಗ ತಾನೇ ತೆರೆದ ಗೇಟಿನ ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತೆ. ಮೊದಲ ಕಾರು ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಹಳಿಯ ಕಡೆಯಿಂದ ಕುಂಟಕ್ಕ ಕುಪ್ಪಳಿಸುತ್ತ ಬಂದು ಊರುಗೋಲು ಎಸೆದು ಪಕ್ಕದಲ್ಲಿ ಕೂತಳು. ಆಮೇಲೆ ಮುದುಕ. ಆಮೇಲೆ ನನ್ನ ಗಂಡ.

ಹಾರ್ನ್‌ಗಳು ಒಟ್ಟಿಗೇ ಅರಚಿದವು. "ಟ್ರೇನ್ ತಪ್ಪುತ್ತೆ, ಎಳೆದು ಹಾಕ್ರೀ ಅವ್ರನ್ನ!" ಎಂದು ಯಾರೋ ಕಿಟಕಿ ಇಳಿಸಿ ಕೂಗಿದರು.

"ನೋಡ್ತಾ ನಿಂತಿದೀಯೇನೋ? ಎಳಿಯೋ!" ಎಂದ ಇಂಜಿನಿಯರು.

ಮೈದುನ ಬಂದು ನನ್ನ ಮೇಲೆ ಬಗ್ಗಿದ. "ಎದ್ದೇಳು ಅತ್ತಿಗೆ. ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಕೆಲಸ ಹೋಗುತ್ತೆ."

"ಈಗ ಅತ್ತಿಗೆ ಆದ್ನಾ?" ಎಂದು ಕೈ ಮುಂದೆ ಚಾಚಿದೆ. "ಎಳಿ. ಎಲ್ರೂ ನೋಡ್ಲಿ, ಎಳಿ."

ಅವನು ನನ್ನ ಮಣಿಕಟ್ಟು ಹಿಡಿದ. ಅತ್ತ ಎಂಟು ಹತ್ತರ ಗಾಡಿ ಬಂದು, ನಿಂತು, ಹೊರಟಿತು. ಅವನು ಎಳೆಯಲೂ ಇಲ್ಲ, ಬಿಡಲೂ ಇಲ್ಲ.