ಮಾದಲಿಯ ಮೊದಲ ಪಾಲು

ರಂಜನಾಳ ಹೊಟ್ಟೆಕಿಚ್ಚಿಗೆ ಅವಳಷ್ಟೇ ವಯಸ್ಸಾಗಿತ್ತು. ಚಚಡಿ ಊರಿನ ಅವರ ಮನೆಯಲ್ಲಿ ಗೋಧಿ, ಬೆಲ್ಲದ ಮಾದಲಿ ಮಾಡಿದ ದಿನ, ತುಪ್ಪ ಸುರಿದ ಮೊದಲ ಪಾಲು ಅಕ್ಕ ಮೀನಾಳದು. ಆಕೆಗೆ ಚಿಕ್ಕಂದಿನಿಂದ ಫಿಟ್ಸು. ಕಥೆ ಕೇಳುವಾಗಲೂ ಅಜ್ಜಿ ದೇವಕ್ಕನ ತೊಡೆ ಅಕ್ಕನಿಗೇ. ರಾಕ್ಷಸನೊಬ್ಬ ರಾಜಕುಮಾರಿಯ ನಾಲಿಗೆಯ ರುಚಿ ಕದ್ದು ಕರಡಿಗೆಯಲ್ಲಿ ಮುಚ್ಚಿಟ್ಟ ಕಥೆಯನ್ನು ರಂಜನಾ ಕಾಲ ಬಳಿ ಕೂತೇ ಕೇಳಿದ್ದಳು.

ಗುಳಿಗೆಯಿಂದ ಫಿಟ್ಸು ಹತೋಟಿಗೆ ಬಂದರೂ, ಎರಡು ವರ್ಷದಿಂದ ಮೀನಾ ಆ ಪಾಲನ್ನು ಎರಡು ತುತ್ತು ತಿಂದು ಸರಿಸಿಬಿಡುತ್ತಿದ್ದಳು.

“ನೋಡ ಆಯಿ, ಎಷ್ಟ್ ಸೊಕ್ಕ ಆಕೀಗೆ!” ರಂಜನಾ ಅಜ್ಜಿಗೆ ದೂರಿದಳು.

“ಸುಮ್ನಿರ. ನಿನಗ ಗಟ್ಟಿ ಜೀವಾ ಕೊಟ್ಟಾನ ದೇವ್ರು. ಅದರ ಮ್ಯಾಲ ಮಾದ್ಲೀನೂ ಬೇಕೇನ?” ಎಂದಳು ಅಜ್ಜಿ.

ಬೇಕಿತ್ತು.

ಬೈಲಹೊಂಗಲದ ಕಾಲೇಜಿನಲ್ಲಿ ಎಂ.ಫಾರ್ಮ್ ಓದುವ ರಂಜನಾಳ ಕೆಲಸ ಇಲಿಗಳ ಮೇಲೆ. ಔಷಧಿ ಚುಚ್ಚಿ ಫಿಟ್ಸು ಬರಿಸಿದವು ಒಂದು ಕಡೆ, ಆರೋಗ್ಯದವು ಇನ್ನೊಂದು ಕಡೆ. ಪ್ರತಿ ಪಂಜರಕ್ಕೆ ಎರಡು ಬಾಟಲಿ: ಸಕ್ಕರೆ ನೀರಿನದೊಂದು, ಸಪ್ಪೆ ನೀರಿನದೊಂದು. ಮರುದಿನ ಯಾವುದು ಎಷ್ಟು ಇಳಿದಿದೆಯೆಂದು ತೂಗಬೇಕು.

ಆರೋಗ್ಯದ ಇಲಿಗಳು ಸಿಹಿಯ ಬಾಟಲಿ ಬರಿದು ಮಾಡಿದ್ದವು. ಫಿಟ್ಸಿನವು ಮುಟ್ಟಿಯೂ ಮುಟ್ಟದಂತೆ ಬಿಟ್ಟಿದ್ದವು. ಬಾಟಲಿಯ ನಳಿಕೆ ಕಟ್ಟಿಕೊಂಡಿರಬೇಕೆಂದು ರಂಜನಾ ಬೆರಳಿಂದ ತಟ್ಟಿದಳು. ಹನಿ ಸರಾಗ ಉದುರಿತು.

“ಸರ್, ಇವಕ್ಕ ಸಕ್ಕರಿ ಬ್ಯಾಡಾಗೈತ್ರಿ. ಇಲಿಗೂ ಸೊಕ್ಕ ಬರತೈತೇನ್ರಿ?”

ಅವಳ ಗೈಡ್ ಸುನೀಲ ಸರ್ ನಗಲಿಲ್ಲ. “ಸೊಕ್ಕಲ್ಲ ರಂಜನಾ. ಫಿಟ್ಸ ಬಂದ ಮಿದುಳಿನ್ಯಾಗ ಒಮ್ಮೊಮ್ಮೆ ಖುಷಿ ಪಡೂ ಶಕ್ತೀನೂ ಕುಂದತೈತಿ. ಮನಷ್ಯಾರಿಗೂ ಹಂಗ, ಖಿನ್ನತೆ ಅಂತೀವಿ. ಅದಕ್ಕೂ ಔಷಧ ಐತಿ. ಕೇಳವ್ರು ಬೇಕಷ್ಟ.”

ರಂಜನಾ ಆ ಬಾಟಲಿಯನ್ನು ಇನ್ನೊಮ್ಮೆ ತೂಕಕ್ಕಿಟ್ಟಳು.

ಆ ಸಂಜೆ ಮೀನಾಳ ತಾಟಿನಲ್ಲಿ ಮಾದಲಿ ಎಂದಿನಂತೆ ಆರುತ್ತಿತ್ತು.

“ಅಕ್ಕಾ, ರುಚಿ ಹತ್ತವಲ್ತೇನ?”

ಮೀನಾ ತಾಟನ್ನೇ ನೋಡಿದಳು. “ಏನೂ ಹತ್ತವಲ್ತ, ರಂಜೂ. ಹೇಳಿದ್ರ ಸೊಕ್ಕ ಅಂತಿದ್ದಿ.”

ಮರುದಿನ ಇಬ್ಬರೂ ಬೈಲಹೊಂಗಲದ ಡಾಕ್ಟರ ಬಳಿ ಹೊರಟರು. ಬಸ್ಸಿನಲ್ಲಿ ಮೀನಾ ಕೇಳದೆಯೇ ಕಿಟಕಿಯ ಪಕ್ಕ ಕೂತಳು. ಅಜ್ಜಿ ಕಟ್ಟಿಕೊಟ್ಟ ಮಾದಲಿಯ ಡಬ್ಬಿಯೂ ಆಕೆಯ ಮಡಿಲಲ್ಲೇ. ರಂಜನಾಳ ಹೊಟ್ಟೆಯಲ್ಲಿ ಹಳೇ ಉರಿ ಸಣ್ಣಗೆ ಎದ್ದಿತು.

“ತಾ ಇಲ್ಲಿ. ನಿನಗ ರುಚಿ ಹತ್ತೂಮಟಾ ನಾ ತಿಂತೇನಿ. ಹತ್ತಿದ ದಿನಾ ನನ್ನ ಕೈಯಾಗಿಂದ ಕಸಗೊ.”

ಮೀನಾ ಡಬ್ಬಿ ಕೊಟ್ಟಳು. ಮುಚ್ಚಳವನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಳು.