ಶಬ್ದ ಬೇಡ, ದೀಪ ಸಾಕು

ಶಾಲೆ, ಕಾರ್ಖಾನೆಗಳಲ್ಲಿ ಹೊತ್ತುಹೊತ್ತಿಗೆ ಗಂಟೆ ಬಾರಿಸುವ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ಅದು. ಅಲ್ಲಿ ಎಂಟು ವರ್ಷದಿಂದ ಕೋಡ್ ಬರೆಯುತ್ತಿದ್ದವಳನ್ನು ಎಲ್ಲರೂ ಗಂಟಮ್ಮ ಎಂದೇ ಕರೆಯುತ್ತಿದ್ದರು. ಗಂಟೆಯ ಕೆಲಸಕ್ಕೆ ಆ ಹೆಸರು ಬಂತೋ, ಮುಖ ಗಂಟಿಕ್ಕಿಕೊಂಡು ಕೂರುವುದಕ್ಕೆ ಬಂತೋ, ಕೇಳುವ ಗೋಜಿಗೆ ಅವಳು ಹೋಗಿರಲಿಲ್ಲ.

ಆ ಸೋಮವಾರ ಮ್ಯಾನೇಜರು ಗೋಡೆಯ ಪರದೆಯ ಮೇಲೆ ಹದಿನೇಳು ಸೆಟ್ಟಿಂಗ್‌ಗಳ ಪಟ್ಟಿ ಹಾಕಿದರು. ಯಾರೋ ಎಂದೋ ಕೇಳಿದರೆಂದು ಸೇರಿಸಿದ ವಿಚಿತ್ರ ಸೆಟ್ಟಿಂಗ್‌ಗಳು. ಹೊಸದೇನು ಬರೆದರೂ ಈ ಹದಿನೇಳರ ಜೊತೆಗೂ ಅದು ಸರಿಹೋಗುತ್ತದೆಯೇ ಎಂದು ನೋಡಬೇಕಿತ್ತು. ಟೆಸ್ಟಿಂಗ್‌ನವರು ಹೈರಾಣಾಗಿದ್ದರು.

"ಐದು ಜನಕ್ಕಿಂತ ಕಮ್ಮಿ ಗಿರಾಕಿ ಇರೋದನ್ನ ತೆಗೆದುಬಿಡೋಣ. ಕೊನೇ ಮಾತು ಗಂಟಮ್ಮಂದು," ಎಂದರು ಮ್ಯಾನೇಜರು.

ಒಂಬತ್ತನೆಯದು ಬಂತು. ‘ಶಬ್ದ ಬೇಡ, ದೀಪ ಸಾಕು.’ ಗಿರಾಕಿ: ಒಂದು.

ಅದು ಕಿವಿ ಕೇಳದ ಮಕ್ಕಳ ಶಾಲೆ. ಗಂಟಮ್ಮನ ಅಕ್ಕ ಅಲ್ಲಿ ಟೀಚರು. ನಾಲ್ಕು ವರ್ಷದ ಹಿಂದೆ ಅಕ್ಕ ಕೇಳಿದಳೆಂದು ಇವಳೇ ಎರಡು ದಿನ ರಜೆ ಹಾಕಿ ಕೂತು ಬರೆದಿದ್ದಳು. ಪೀರಿಯಡ್ ಮುಗಿದ ತಕ್ಷಣ ಪ್ರತಿ ಕೋಣೆಯ ಗೋಡೆಯ ದೀಪ ಮೂರು ಸಲ ಮಿಟುಕುತ್ತಿತ್ತು. ಮೊದಲ ದಿನ ಮಕ್ಕಳು ಎರಡೂ ಕೈ ಎತ್ತಿ ಬೆರಳು ಅಲ್ಲಾಡಿಸಿ ತಮ್ಮ ಸನ್ನೆಭಾಷೆಯಲ್ಲಿ ಚಪ್ಪಾಳೆ ಹೊಡೆದದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು.

"ಇದೊಂದಕ್ಕೇ ಪ್ರತಿ ಸಲ ಅರ್ಧ ದಿನ ಹೋಗುತ್ತೆ," ಎಂದಳು ಟೆಸ್ಟಿಂಗ್‌ನವಳು.

ಮ್ಯಾನೇಜರು ನಕ್ಕರು. "ನಿಮ್ಮಕ್ಕನ ಶಾಲೆ ಅಲ್ವಾ ಇದು? ನೀವೇ ಹೇಳಿಬಿಡಿ."

ಎಲ್ಲರೂ ಅವಳ ಕಡೆ ತಿರುಗಿದರು. ಇರಲಿ ಅಂದರೆ ಕಾಫಿ ಹೊತ್ತಿಗೆ ಏನು ಮಾತಾಡಿಕೊಳ್ಳುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನವರೆಂದು ಪಕ್ಷ ವಹಿಸಿದಳು ಎನ್ನಿಸಿಕೊಳ್ಳುವುದು ಅವಳ ಜೀವಕ್ಕಾಗದು.

"ತೆಗೀರಿ," ಎಂದಳು. ಅಷ್ಟಕ್ಕೇ ಬಿಡದೆ, ಒಬ್ಬರಿಗೋಸ್ಕರ ಎಲ್ಲರೂ ಭಾರ ಹೊರುವುದು ಸರಿಯಲ್ಲ ಎಂದು ವಿವರಣೆಯನ್ನೂ ಕೊಟ್ಟಳು.

ಹದಿನಾಲ್ಕನೆಯದು, ಬುಧವಾರ ಮಾತ್ರ ಗಂಟೆಯ ಹೊತ್ತು ಬದಲಾಗುವುದು. ಗಿರಾಕಿ: ಒಂದು. ಅದನ್ನೂ ತೆಗೆಯಿರಿ ಎಂದಳು.

"ಅದು ಇರಲಿ, ನಮ್ಮ ಭಾವನ ಕಾರ್ಖಾನೆ," ಎಂದರು ಮ್ಯಾನೇಜರು, ಹವಾಮಾನ ಹೇಳಿದಷ್ಟು ಸಲೀಸಾಗಿ. ಯಾರೂ ತಲೆ ಎತ್ತಲಿಲ್ಲ. ಹಾಗಾದರೆ ಒಂಬತ್ತನೆಯದೂ ಇರಲಿ ಎನ್ನಲು ಅದೇ ಸಮಯ. ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಹದಿನೈದನೆಯದು ಪರದೆಗೆ ಬಂದಿತ್ತು.

ಮನೆಯಲ್ಲಿ ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

"ಯಾರು ತೀರ್ಮಾನ ಮಾಡಿದ್ದು?"

"ಎಲ್ಲಾ ಸೇರಿ ಮಾಡಿದ್ದು."

"ನೀನೂ ಇದ್ಯಲ್ಲೇ ಅಲ್ಲಿ?" ಎಂದು ಅಮ್ಮ ಒಳಗಿಂದ ಕೇಳಿದಳು. ಗಂಟಮ್ಮ ಕೈಕಾಲು ತೊಳೆಯಲು ಹೋದಳು.

ಹೊಸ ಸಾಫ್ಟ್‌ವೇರ್ ಬಂದ ದಿನವೇ ಆ ಶಾಲೆಯ ದೀಪಗಳು ಕಣ್ಣು ಮುಚ್ಚಿದವು. ಬದಲಿಗೆ ಅಂಗಳದ ಸ್ಪೀಕರು ಅರಚತೊಡಗಿತು. ಮಕ್ಕಳಿಗೆ ಕೇಳಲಿಲ್ಲ, ಅಕ್ಕಪಕ್ಕದ ಮನೆಯವರು ಜಗಳಕ್ಕೆ ಬಂದರು. ವೈರು ಕಿತ್ತುಹಾಕಿ, ಪೀರಿಯಡ್ ಮುಗಿಯಿತೆಂದು ತಿಳಿಸಲು ಅಡುಗೆಯವಳನ್ನು ಕೋಣೆಯಿಂದ ಕೋಣೆಗೆ ಓಡಾಡಿಸಿದರು. ಮೂರನೆಯ ದಿನ ಮೂಲೆಕೋಣೆಯಲ್ಲಿ ಪಾಠ ಮಾಡುವವರು ರಜೆಯಲ್ಲಿದ್ದರು. ಶಾಲೆ ಬಿಟ್ಟಾಗ ಅಲ್ಲಿನ ಪುಟಾಣಿಗಳನ್ನು ಎಲ್ಲರೂ ಮರೆತರು. ಚೀಲ ಬೆನ್ನಿಗೇರಿಸಿ, ಗೋಡೆಯ ದೀಪವನ್ನೇ ನೋಡುತ್ತಾ ಮುಕ್ಕಾಲು ಗಂಟೆ ಕೂತಿದ್ದವು. ವ್ಯಾನಿನವನು ಹುಡುಕಿಕೊಂಡು ಬಂದಾಗ ಒಂದು ಮಗು ಕೂತಲ್ಲೇ ಒದ್ದೆ ಮಾಡಿಕೊಂಡು ಅಳುತ್ತಿತ್ತು.

ಇದನ್ನೆಲ್ಲ ಅಕ್ಕ ದನಿ ಏರಿಸದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಂಟಮ್ಮನಿಗೆ.

"ರಜೆ ಹಾಕ್ತೀನಿ ಅಕ್ಕಾ. ನಿಮಗೆ ಅಂತಾನೇ ಬೇರೆ ಬರೆದುಕೊಡ್ತೀನಿ."

"ಬೇಡ. ನಿನಗೆ ಮನಸ್ಸು ಬಂದಾಗ ದೀಪ, ಇಲ್ಲದಿದ್ದಾಗ ಇಲ್ಲ. ಅದು ಬೇಡ ಕಣೇ." ಅಕ್ಕ ಮುಂದುವರಿಸಿದಳು: "ನಮ್ಮ ಹೆಡ್‌ಮಿಸ್ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದ್ರು. ಅದಕ್ಕವರು, ‘ನಾವು ಇಡೋಣ ಅಂತಿದ್ವಿ, ನಿಮ್ಮ ಟೀಚರ ತಂಗೀನೇ ತೆಗೆಸಿದ್ದು’ ಅಂದ್ರಂತೆ. ಹೌದಾ?"

ಮ್ಯಾನೇಜರು ಹೇಳಿದ್ದರಲ್ಲಿ ಅರ್ಧ ಸುಳ್ಳು. ಉಳಿದರ್ಧ ನಿಜವಾಗಿತ್ತಾದ್ದರಿಂದ ಸುಳ್ಳನ್ನು ಬಿಡಿಸಿ ತೋರಿಸುವುದು ಅವಳಿಂದಾಗಲಿಲ್ಲ.

"ಹೌದು," ಎಂದಳು.

"ಹೆಡ್‌ಮಿಸ್ ಮುಂದೆ ನಾನು ನಿನ್ನ ಪರ ವಾದ ಮಾಡಿದೆ. ನಮ್ಮ ತಂಗಿ ಅಂಥವಳಲ್ಲ ಅಂದೆ."

ಎರಡು ತಿಂಗಳಾದ ಮೇಲೆ ಬೇರೆ ಕಂಪನಿಯವರು ಬಂದು ಶಾಲೆಗೆ ಹೊಸ ದೀಪ ಹಾಕಿಕೊಟ್ಟರು. ಆ ಸುದ್ದಿ ಗಂಟಮ್ಮನಿಗೆ ತಿಳಿದದ್ದು ಅಮ್ಮನ ಬಾಯಿಂದ. ಅಕ್ಕ ಈಗಲೂ ಇವಳನ್ನು ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ಅಮ್ಮನ ಜೊತೆ ಶಾಲೆಯ ಮಕ್ಕಳ ತಮಾಷೆ ಹೇಳಿ ನಗುತ್ತಿರುವಾಗ ಇವಳ ಚಪ್ಪಲಿಯ ಸದ್ದಾದರೆ ಮಾತ್ರ, ಮಾತು ಬೇರೆ ಕಡೆ ತಿರುಗುತ್ತದೆ.